ಜಮೀನಿನ ತಕರಾರು, ಮುಖಂಡರ ಮೇಲೆ ಮೊಕದ್ದಮೆ: ಕೊಡಗಿನ ಓದುಗರ ಪ್ರಶ್ನೆಗಳಿಗೆ ಕಾನೂನು ಉತ್ತರ

ಈ ಬಾರಿ ಕೊಡಗಿನಿಂದ ಬಂದ ಪತ್ರಗಳಲ್ಲಿ ಹಲವು ಒಂದೇ ಸಂಗತಿಯನ್ನು ಹೇಳುತ್ತಿವೆ. ದೊಡ್ಡ ತೋಟದ ಕಂಪನಿಗಳೊಂದಿಗೆ ಜಮೀನಿನ ತಕರಾರು ಎದ್ದಾಗ ಊರಿನ ಪರವಾಗಿ ಮಾತನಾಡಿದವರ ಮೇಲೆ ಒಂದರ ಹಿಂದೆ ಒಂದು ಮೊಕದ್ದಮೆ ದಾಖಲಾಗುತ್ತಿವೆ. ಆದ್ದರಿಂದ ಅಂಕಣವನ್ನು ಈ ಪತ್ರಗಳಿಗೇ ಮೀಸಲಿಟ್ಟಿದ್ದೇನೆ. ಪ್ರಕರಣಗಳು ವಿಚಾರಣೆಯಲ್ಲಿರುವುದರಿಂದ ಬರೆದವರ ಹೆಸರನ್ನಾಗಲಿ ಕಂಪನಿಗಳ ಹೆಸರನ್ನಾಗಲಿ ಪ್ರಕಟಿಸಿಲ್ಲ.

ಪ್ರಶ್ನೆ: ನಮ್ಮ ಜಮ್ಮಾ (ವಂಶಪಾರಂಪರ್ಯ ಹಿಡುವಳಿಯ) ಗದ್ದೆಗೆ ಸೇರಿದ ಬಾಣೆಯಲ್ಲಿ (ಗದ್ದೆಗೆ ಹೊಂದಿಕೊಂಡ ಗುಡ್ಡದ ಜಾಗದಲ್ಲಿ) ಒಬ್ಬ ಪಾಲುದಾರರಿಂದ ಅವರ ಪಾಲನ್ನು ತೋಟದ ಕಂಪನಿಯೊಂದು ಖರೀದಿಸಿತು. ಆಮೇಲೆ ಇಡೀ ಬಾಣೆಗೆ ಬೇಲಿ ಹಾಕಿ, ಗದ್ದೆಗೆ ಹೋಗುವ ದಾರಿಯನ್ನೂ ಮುಚ್ಚಿತು. ರೈತ ಸಂಘದ ವತಿಯಿಂದ ಪ್ರತಿಭಟಿಸಿದೆವು. ಅಂದಿನಿಂದ ಅತಿಕ್ರಮ ಪ್ರವೇಶ, ಬೇಲಿ ಕಿತ್ತದ್ದು, ಕಾಫಿ ಕದ್ದದ್ದು, ಬೆದರಿಕೆ ಎಂದು ಠಾಣೆಯಲ್ಲಿ ದೂರುಗಳು, ತಹಸೀಲ್ದಾರರಿಂದ ಮುಚ್ಚಳಿಕೆಯ ನೋಟಿಸು, ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆ ಬಂದಿವೆ. ಪ್ರತಿಭಟನೆಯಲ್ಲಿ ಊರೆಲ್ಲ ಇದ್ದರೂ ಕಾಗದಗಳೆಲ್ಲ ಬರುತ್ತಿರುವುದು ನನ್ನೊಬ್ಬನ ಹೆಸರಿಗೆ. ಕಾಫಿ ಕುಯ್ಲಿನ ಸಮಯದಲ್ಲೂ ಕೋರ್ಟಿಗೆ ಅಲೆಯುತ್ತಿದ್ದೇನೆ. ನಾನೇನು ಮಾಡಲಿ?
– ಪೊನ್ನಂಪೇಟೆ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಪತ್ರದ ಕೊನೆಯ ಎರಡು ವಾಕ್ಯಗಳಲ್ಲೇ ಈ ಮೊಕದ್ದಮೆಗಳ ಉದ್ದೇಶ ಕಾಣುತ್ತದೆ. ಇಂತಹ ಪ್ರಕರಣಗಳಲ್ಲಿ ದೂರು ಕೊಟ್ಟವರಿಗೆ ಬೇಕಾಗಿರುವುದು ತೀರ್ಪಲ್ಲ, ವಾಯಿದೆ. ತಿಂಗಳಿಗೆ ಎರಡು ಮೂರು ವಾಯಿದೆ ಬಿದ್ದರೆ ಮುಖಂಡನಾದವನು ಸಭೆಗೆ ಹೋಗಲಾರ, ತೋಟದ ಕೆಲಸ ನೋಡಿಕೊಳ್ಳಲಾರ, ವಕೀಲರ ಶುಲ್ಕಕ್ಕಾಗಿ ಸಾಲ ಮಾಡುತ್ತಾನೆ, ಅವನನ್ನು ನೋಡಿ ಉಳಿದವರು ಸಹಿ ಹಾಕಲು ಹಿಂಜರಿಯುತ್ತಾರೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ತಂಡತಂಡವಾಗಿ ದಸ್ತಗಿರಿಯಾದರು, ಡಾ. ರಾಮಮನೋಹರ ಲೋಹಿಯಾ ಅವರೂ ಅಲ್ಲಿ ಬಂಧನಕ್ಕೆ ಒಳಗಾದರು. ಅಂದು ಜೈಲಿಗೆ ಹೋಗುವುದನ್ನು ಚಳವಳಿಯೇ ಆರಿಸಿಕೊಂಡಿತ್ತು. ಈಗ ಯಾರನ್ನು ಕೋರ್ಟಿಗೆ ಅಲೆಸಬೇಕು ಎಂಬುದನ್ನು ಎದುರು ಪಕ್ಷ ಆರಿಸುತ್ತದೆ, ಅದೂ ಒಬ್ಬೊಬ್ಬರನ್ನೇ. ಹಾಗಾಗಿ ನೀವು ಮತ್ತು ನಿಮ್ಮ ಊರಿನವರು ಮೊದಲು ಮಾಡಬೇಕಾದ ಕೆಲಸ ನಿಮ್ಮನ್ನು ಒಂಟಿಯಾಗಲು ಬಿಡದಿರುವುದು, ಎರಡನೆಯದು ಜಮೀನಿನ ಪ್ರಶ್ನೆಯನ್ನು ಮತ್ತೆ ಮುನ್ನೆಲೆಗೆ ತರುವುದು. ಮುಚ್ಚಳಿಕೆ, ಕಳ್ಳತನ, ಬೆದರಿಕೆಗಳ ನಡುವೆ ಬಾಣೆ ಯಾರದು, ದಾರಿ ಯಾರದು ಎಂಬ ಮೂಲ ಪ್ರಶ್ನೆಯನ್ನು ಯಾವ ನ್ಯಾಯಾಲಯವೂ ಇನ್ನೂ ಕೇಳಿಲ್ಲ ಎಂಬುದನ್ನು ಗಮನಿಸಿ.

ಆ ಪ್ರಶ್ನೆಯಲ್ಲಿ ನಿಮ್ಮ ಸ್ಥಿತಿ ದುರ್ಬಲವಾಗಿಲ್ಲ. ಜಮ್ಮಾ ಹಿಡುವಳಿಯಲ್ಲಿ ಪಹಣಿಯಲ್ಲಿ ಕುಟುಂಬದ ಪರವಾಗಿ ಪಟ್ಟೇದಾರರೊಬ್ಬರ ಹೆಸರಿರುತ್ತದೆ, ಎಷ್ಟೋ ಕಡೆ ಅವರು ತೀರಿಕೊಂಡು ಎರಡು ತಲೆಮಾರು ಕಳೆದಿರುತ್ತದೆ, ಅನುಭವದಲ್ಲಿ ಇರುವವರು ಕುಟುಂಬದ ಅನೇಕರು. ಈ ಗೊಂದಲವೇ ಹೊರಗಿನ ಖರೀದಿದಾರರಿಗೆ ಅನುಕೂಲವಾಗುತ್ತಿದೆ. ಆದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 44ನೇ ಕಲಮಿನ ಪ್ರಕಾರ, ಪಾಲಾಗದ ಆಸ್ತಿಯಲ್ಲಿ ಒಬ್ಬ ಪಾಲುದಾರನ ಹಕ್ಕನ್ನು ಕೊಂಡವನು ಆ ಪಾಲುದಾರನ ಜಾಗದಲ್ಲಿ ನಿಲ್ಲುತ್ತಾನೆ, ಅಷ್ಟೇ. ವಿಭಜನೆ ಕೇಳುವ ಹಕ್ಕು ಅವನಿಗಿದೆ. ವಿಭಜನೆಯಾಗದೆ ಇಂತಿಷ್ಟು ಜಾಗ ನನ್ನದೇ ಎಂದು ಬೇಲಿ ಹಾಕಿ ಉಳಿದ ಪಾಲುದಾರರನ್ನು ಹೊರಗಿಡುವ ಹಕ್ಕು ಅವನಿಗಿಲ್ಲ. ಗದ್ದೆಯ ದಾರಿಯನ್ನು 20 ವರ್ಷ ಅಡೆತಡೆಯಿಲ್ಲದೆ, ಹಕ್ಕಿನಿಂದ, ಬಹಿರಂಗವಾಗಿ ಬಳಸಿದ್ದರೆ ಅದೇ ವರ್ಷದ ಅನುಭೋಗದ ಹಕ್ಕುಗಳ ಕಾಯ್ದೆಯ 15ನೇ ಕಲಮು ನಿಮ್ಮ ನೆರವಿಗೆ ಬರುತ್ತದೆ. ಕುಟುಂಬದ ಪಾಲುದಾರರೆಲ್ಲ ಸೇರಿ ಹಕ್ಕು ಘೋಷಣೆಗೆ, ದಾರಿಯ ಹಕ್ಕಿಗೆ, ಅಗತ್ಯವಿದ್ದರೆ ವಿಭಜನೆಗೆ ನೀವೇ ದಾವಾ ಹೂಡಿ. ಹಳೆಯ ಜಮಾಬಂದಿ ದಾಖಲೆ, ಕಂದಾಯದ ರಸೀದಿ, ಸರ್ವೆ ನಕಾಶೆ, ಕುಟುಂಬದ ವಂಶವೃಕ್ಷ ಎಲ್ಲದರ ದೃಢೀಕೃತ ಪ್ರತಿಗಳನ್ನು ತೆಗೆಸಿ. ಪ್ರತಿವಾದಿಯಾಗಿಯೇ ಉಳಿದರೆ ಎದುರು ಪಕ್ಷದವರು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತ ವರ್ಷಗಳು ಕಳೆಯುತ್ತವೆ.

ಈಗ ತಡೆಯಾಜ್ಞೆಯ ವಿಷಯ. ನಿಮ್ಮನ್ನು ಕೇಳದೆಯೇ ಕೊಟ್ಟ ಏಕಪಕ್ಷೀಯ ಆದೇಶವಾಗಿದ್ದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 3ಎ ನಿಯಮದಂತೆ ನ್ಯಾಯಾಲಯವು 30 ದಿನಗಳೊಳಗೆ ಮಧ್ಯಂತರ ಅರ್ಜಿಯನ್ನು ಇತ್ಯರ್ಥ ಮಾಡಲು ಪ್ರಯತ್ನಿಸಬೇಕು, ಆಗದಿದ್ದರೆ ಕಾರಣ ಬರೆಯಬೇಕು. ಮೊದಲ ವಾಯಿದೆಗೇ ಹಾಜರಾಗಿ, ಆಕ್ಷೇಪಣೆ ಸಲ್ಲಿಸಿ, ಆದೇಶವನ್ನು ತೆರವು ಮಾಡಲು ಅರ್ಜಿ ಹಾಕಿ. ಲಿಖಿತ ಹೇಳಿಕೆಗೆ 30 ದಿನಗಳ ಗಡುವಿದೆ, ನ್ಯಾಯಾಲಯ ಅದನ್ನು 90 ದಿನಗಳವರೆಗೆ ವಿಸ್ತರಿಸಬಹುದು. ಆದೇಶ ತೆರವಾಗುವವರೆಗೆ ಅದನ್ನು ಮೀರಬೇಡಿ. ಅದೆಷ್ಟೇ ಅನ್ಯಾಯವಾಗಿ ಕಂಡರೂ ಮೀರಬೇಡಿ. ತಡೆಯಾಜ್ಞೆಯ ಉಲ್ಲಂಘನೆಗೆ ಮೂರು ತಿಂಗಳವರೆಗೆ ಸಿವಿಲ್ ಬಂಧನ ಮತ್ತು ಆಸ್ತಿ ಜಪ್ತಿ ಆಗಬಹುದು. ಬೇಲಿಗೆ ಕೈ ಹಚ್ಚಿದ ಒಂದು ವಿಡಿಯೊ ಅವರಿಗೆ ಸಿಕ್ಕರೆ ನಿಮ್ಮ ಒಳ್ಳೆಯ ದಾಖಲೆಗಳೆಲ್ಲ ಹಿಂದೆ ಸರಿಯುತ್ತವೆ. ಇನ್ನೂ ದಾವಾ ಬೀಳದ ಅಕ್ಕಪಕ್ಕದ ಕುಟುಂಬಗಳು ಈಗಲೇ ಕೇವಿಯಟ್ ಹಾಕಿಕೊಳ್ಳಲಿ. ಅದರ ಅವಧಿ 90 ದಿನ, ಮುಗಿದಾಗ ಮತ್ತೆ ಹಾಕಬೇಕು. ಕೇವಿಯಟ್ ಇದ್ದರೆ ಅವರಿಗೆ ನೋಟಿಸು ಕೊಟ್ಟು ಕೇಳಿದ ನಂತರವೇ ಆದೇಶವಾಗಬೇಕು.

ತಹಸೀಲ್ದಾರರ ನೋಟಿಸು ಹೆಚ್ಚಿನವರನ್ನು ಹೆದರಿಸುವ ಕಾಗದ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 107ನೇ ಕಲಮು ಎಂದು ಎಲ್ಲರ ಬಾಯಲ್ಲಿದ್ದದ್ದು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 126ನೇ ಕಲಮಾಗಿದೆ. ಇದು ಶಿಕ್ಷೆಯಲ್ಲ, ಅಪರಾಧದ ತೀರ್ಮಾನವೂ ಅಲ್ಲ. ಶಾಂತಿಭಂಗವಾಗಬಹುದು ಎಂಬ ಮಾಹಿತಿಯ ಮೇಲೆ, ಗರಿಷ್ಠ ಒಂದು ವರ್ಷದ ಅವಧಿಗೆ ಮುಚ್ಚಳಿಕೆ ಏಕೆ ಬರೆಸಿಕೊಳ್ಳಬಾರದು ಎಂದು ಕೇಳುವ ಕ್ರಮ. ಬಂದ ಮಾಹಿತಿಯ ಸಾರಾಂಶವೇನು, ಮುಚ್ಚಳಿಕೆಯ ಮೊತ್ತವೆಷ್ಟು, ಅವಧಿಯೆಷ್ಟು ಎಂಬುದನ್ನು ಆದೇಶದಲ್ಲಿ ಬರೆದಿರಲೇಬೇಕು. ಆಮೇಲೆ ವಿಚಾರಣೆ ನಡೆಸಬೇಕು, ಆ ವಿಚಾರಣೆ ಸಾಮಾನ್ಯವಾಗಿ ಆರು ತಿಂಗಳಲ್ಲಿ ಮುಗಿಯಬೇಕು, ಇಲ್ಲವಾದರೆ ವಿಶೇಷ ಕಾರಣ ಬರೆಯದ ಹೊರತು ಅದು ತಾನಾಗಿ ಕೊನೆಗೊಳ್ಳುತ್ತದೆ. ನೋಟಿಸು ಬಂದ ದಿನವೇ ತಾಲ್ಲೂಕು ಕಚೇರಿಗೆ ಹೋಗಿ ಗುಮಾಸ್ತರು ತೋರಿಸಿದ ಕಡೆ ಸಹಿ ಹಾಕಿ ಬರುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಹಾಗೆ ಮಾಡಬೇಡಿ. ಒಮ್ಮೆ ಮುಚ್ಚಳಿಕೆ ಬರೆದುಕೊಟ್ಟರೆ ಮುಂದಿನ ಪ್ರತಿಯೊಂದು ಸಭೆಯೂ ಮುಚ್ಚಳಿಕೆ ಮುರಿದ ಆರೋಪಕ್ಕೆ ಎಡೆಮಾಡುತ್ತದೆ. ವಕೀಲರ ಮೂಲಕ ಲಿಖಿತ ಉತ್ತರ ಕೊಡಿ, ಸಾಕ್ಷಿಗಳ ಪಾಟೀಸವಾಲಿಗೆ ಅವಕಾಶ ಕೇಳಿ.

ಠಾಣೆಯ ದೂರುಗಳಲ್ಲಿ ಕಾಫಿ ಕದ್ದ ಆರೋಪವನ್ನು ಹಗುರವಾಗಿ ಕಾಣಬೇಡಿ, ಆದರೆ ಹೆದರಲೂ ಬೇಡಿ. ಕಳ್ಳತನಕ್ಕೂ ಅತಿಕ್ರಮ ಪ್ರವೇಶಕ್ಕೂ ಕಾನೂನಿನಲ್ಲಿ ದುರುದ್ದೇಶ ಬೇಕು. ನನ್ನ ಹಕ್ಕಿನ ಜಾಗ ಎಂಬ ಪ್ರಾಮಾಣಿಕ ನಂಬಿಕೆಯಿಂದ, ಅದಕ್ಕೆ ಆಧಾರವಿದ್ದು, ಬಹಿರಂಗವಾಗಿ ಮಾಡಿದ ಕೆಲಸವನ್ನು ನ್ಯಾಯಾಲಯಗಳು ಬೇರೆಯಾಗಿ ನೋಡುತ್ತವೆ. ಸಿವಿಲ್ ತಕರಾರಿಗೆ ಕ್ರಿಮಿನಲ್ ಬಣ್ಣ ಬಳಿದು ಕೊಟ್ಟ ದೂರನ್ನು ರದ್ದುಪಡಿಸಲು ಉಚ್ಚ ನ್ಯಾಯಾಲಯಕ್ಕೆ ಸುರಕ್ಷಾ ಸಂಹಿತೆಯ 528ನೇ ಕಲಮಿನಲ್ಲಿ ಅಧಿಕಾರವಿದೆ. ಯಾವ ಸಂದರ್ಭಗಳಲ್ಲಿ ಹೀಗೆ ರದ್ದುಪಡಿಸಬಹುದು ಎಂಬುದನ್ನು ಸುಪ್ರೀಂ ಕೋರ್ಟು ಭಜನ್‌ಲಾಲ್ ಪ್ರಕರಣದಲ್ಲಿ ವಿವರಿಸಿದೆ, ಹಗೆ ಸಾಧಿಸಲು ಕೊಟ್ಟ ದೂರೂ ಅವುಗಳಲ್ಲಿ ಒಂದು. ಎಲ್ಲ ದೂರುಗಳ ದಿನಾಂಕಗಳನ್ನೂ ನಿಮ್ಮ ಪ್ರತಿಭಟನೆ, ಮನವಿ, ಸಭೆಗಳ ದಿನಾಂಕಗಳನ್ನೂ ಒಂದೇ ಹಾಳೆಯಲ್ಲಿ ಬರೆದು ವಕೀಲರಿಗೆ ಕೊಡಿ. ಮನವಿ ಕೊಟ್ಟ ಮರುದಿನ ದೂರು, ಸಭೆ ನಡೆದ ವಾರದಲ್ಲಿ ದೂರು ಎಂಬ ಸರಣಿ ಆ ಹಾಳೆಯಲ್ಲಿ ಕಂಡರೆ ನ್ಯಾಯಮೂರ್ತಿಗಳಿಗೆ ಬೇರೆ ವಿವರಣೆ ಹೆಚ್ಚು ಬೇಕಾಗದು.

ಇನ್ನು ಒಂಟಿತನದ ಮಾತು. ಯಾವ ಪ್ರಕರಣ ಯಾವ ನ್ಯಾಯಾಲಯದಲ್ಲಿ ಯಾವ ದಿನ ಎಂಬ ವಾಯಿದೆ ಪುಸ್ತಕವನ್ನು ಸಂಘ ಇಡಬೇಕು, ನೀವಲ್ಲ. ಒಂದೂ ವಾಯಿದೆ ತಪ್ಪಬಾರದು. ವಾರಂಟ್ ಹೊರಡುವುದು, ಮನೆಗೆ ಪೊಲೀಸರು ಬರುವುದು, ತಲೆಮರೆಸಿಕೊಂಡವನು ಎಂಬ ಹೆಸರು ಬರುವುದು ಹೆಚ್ಚಿನ ಸಲ ತಪ್ಪಿದ ಒಂದು ವಾಯಿದೆಯಿಂದಲೇ. ಕುಯ್ಲಿನ ದಿನಗಳಲ್ಲಿ ಹಾಜರಾತಿಯಿಂದ ವಿನಾಯಿತಿ ಕೇಳಿ ಅರ್ಜಿ ಹಾಕಬಹುದು, ಸಕಾರಣವಿದ್ದರೆ ನ್ಯಾಯಾಲಯಗಳು ಒಪ್ಪುತ್ತವೆ. ಜಾಮೀನುದಾರರಾಗಲು ಪಹಣಿ ಇರುವವರ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಳ್ಳಿ.

ಪ್ರಶ್ನೆ: ನನ್ನ ಯಜಮಾನರು ತೋಟದ ಕಂಪನಿಯ ವಿರುದ್ಧದ ಹೋರಾಟ ಸಮಿತಿಯಲ್ಲಿದ್ದಾರೆ. ರಾತ್ರಿ ಹೊತ್ತಿನಲ್ಲಿ ಪೊಲೀಸರು ಬಂದು, ಬರೀ ಸಹಿ ಹಾಕಿ ಬರಲಿ ಎಂದು ಠಾಣೆಗೆ ಕರೆದರು. ನನ್ನನ್ನೂ ಹೇಳಿಕೆಗೆ ಬರಲು ಹೇಳಿದ್ದಾರೆ. ಹೋಗಲೇಬೇಕೆ?
– ವಿರಾಜಪೇಟೆಯ ಓದುಗರು

ಉತ್ತರ: ಅಮ್ಮಾ, ನೀವು ಠಾಣೆಗೆ ಹೋಗಬೇಕಾಗಿಲ್ಲ. ಸುರಕ್ಷಾ ಸಂಹಿತೆಯ 179ನೇ ಕಲಮಿನ ಪ್ರಕಾರ ಸಾಕ್ಷಿ ಹೇಳಿಕೆಗಾಗಿ ಮಹಿಳೆಯನ್ನಾಗಲಿ, 60 ವರ್ಷ ಮೀರಿದವರನ್ನಾಗಲಿ, 15 ವರ್ಷದೊಳಗಿನ ಹುಡುಗರನ್ನಾಗಲಿ ಅವರು ವಾಸಿಸುವ ಸ್ಥಳ ಬಿಟ್ಟು ಬೇರೆಡೆಗೆ ಬರುವಂತೆ ಪೊಲೀಸರು ಒತ್ತಾಯಿಸುವಂತಿಲ್ಲ. ಮನೆಗೇ ಬಂದು ಹೇಳಿಕೆ ಪಡೆಯಲಿ ಎಂದು ಹೇಳಿ.

ನಿಮ್ಮ ಯಜಮಾನರ ವಿಷಯದಲ್ಲಿ, ಯಾವ ಪ್ರಕರಣದಲ್ಲಿ, ಆರೋಪಿಯಾಗಿಯೋ ಸಾಕ್ಷಿಯಾಗಿಯೋ ಎಂದು ಬರೆದ ನೋಟಿಸು ಕೇಳಿ. ಏಳು ವರ್ಷಗಳವರೆಗಿನ ಶಿಕ್ಷೆಯ ಆರೋಪಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದು, ಮೊದಲು ಹಾಜರಾಗುವಂತೆ ನೋಟಿಸು ಕೊಡಬೇಕು ಎಂದು 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕಟ್ಟುನಿಟ್ಟಾಗಿ ಹೇಳಿದೆ. ಆ ನೋಟಿಸು ಈಗ ಸುರಕ್ಷಾ ಸಂಹಿತೆಯ 35(3)ನೇ ಕಲಮಿನಲ್ಲಿದೆ. ಜಮೀನಿನ ತಕರಾರಿನಲ್ಲಿ ರೈತರ ಮೇಲೆ ಹಾಕುವ ಅತಿಕ್ರಮ, ನಷ್ಟ, ಬೆದರಿಕೆ, ಅಕ್ರಮ ಕೂಟದ ಆರೋಪಗಳಲ್ಲಿ ಬಹುಪಾಲು ಈ ಮಿತಿಯೊಳಗೇ ಬರುತ್ತವೆ. ನೋಟಿಸು ಬಂದರೆ ಹೇಳಿದ ದಿನ ತಪ್ಪದೆ ಹೋಗಲಿ, ಹೋಗದಿರುವುದೇ ಬಂಧನಕ್ಕೆ ಕಾರಣವಾಗುತ್ತದೆ. ವಕೀಲರನ್ನು ಜೊತೆಗೆ ಕರೆದುಕೊಂಡು ಹೋಗಲಿ. ಖಾಲಿ ಹಾಳೆಗೆ ಯಾವ ಕಾರಣಕ್ಕೂ ಸಹಿ ಹಾಕಬಾರದು. ಬಂಧಿಸಿದರೆ ಕಾರಣವನ್ನು ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇವು ಸಂವಿಧಾನದ 22ನೇ ವಿಧಿಯಿಂದ ಹುಟ್ಟಿದ ಹಕ್ಕುಗಳು, ಠಾಣೆಯ ಔದಾರ್ಯವಲ್ಲ. ಸಾರ್ವಜನಿಕ ನೌಕರನ ಮೇಲೆ ಹಲ್ಲೆ ಎಂಬ ಆರೋಪವನ್ನು ಸೇರಿಸಿರುವ ಸೂಚನೆ ಸಿಕ್ಕರೆ ಮಾತ್ರ ತಡಮಾಡದೆ ಮಡಿಕೇರಿ ಅಥವಾ ವಿರಾಜಪೇಟೆಯ ವಕೀಲರ ಮೂಲಕ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕಿಸಿ, ಏಕೆಂದರೆ ಅದು ಜಾಮೀನುರಹಿತ ಅಪರಾಧ.

ಪ್ರಶ್ನೆ: ಅಜ್ಜನ ಕಾಲದಿಂದ ಒಂದೂವರೆ ಎಕರೆ ಪೈಸಾರಿಯಲ್ಲಿ (ಸರ್ಕಾರಿ ಜಮೀನಿನಲ್ಲಿ) ಕಾಫಿ, ಕರಿಮೆಣಸು ಬೆಳೆದಿದ್ದೇವೆ. ಸಕ್ರಮಕ್ಕೆ ಕೊಟ್ಟ ಅರ್ಜಿ ಇನ್ನೂ ಬಾಕಿ ಇದೆ. ಪಕ್ಕದ ದೊಡ್ಡ ತೋಟದವರು ತಾವು ಸೇರಿಸಿಕೊಂಡ ಪೈಸಾರಿಯನ್ನು ಗುತ್ತಿಗೆಗೆ ಕೇಳಿದಾಗ, ಅದರಲ್ಲಿ ಊರಿನ ನೀರಿನ ತೋಡು ಇದೆ ಎಂದು ಆಕ್ಷೇಪಣೆ ಸಲ್ಲಿಸಿದೆ. ಈಗ ನನ್ನ ಮೇಲೆಯೇ ಒತ್ತುವರಿ ದೂರು ಕೊಟ್ಟು ತೆರವಿನ ನೋಟಿಸು ಕೊಡಿಸಿದ್ದಾರೆ.
– ಸೋಮವಾರಪೇಟೆ ತಾಲ್ಲೂಕಿನ ಓದುಗರು

ಉತ್ತರ: ಕಹಿಯಾದ ಮಾತನ್ನು ಮೊದಲು ಹೇಳಬೇಕು: ಅರ್ಜಿ ಹಾಕಿದ ಮಾತ್ರಕ್ಕೆ ಪೈಸಾರಿಯ ಮೇಲೆ ಹಕ್ಕು ಹುಟ್ಟುವುದಿಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರಡಿ ಅನಧಿಕೃತ ಸ್ವಾಧೀನವನ್ನು ತೆರವು ಮಾಡುವ ಅಧಿಕಾರವಿದೆ, 192ಎ ಕಲಮಿನಲ್ಲಿ ಶಿಕ್ಷೆಯೂ ಇದೆ. ಆದರೆ ಕಾನೂನು ನಿಮ್ಮ ಒಂದೂವರೆ ಎಕರೆಗೆ ಮಾತ್ರ ಇರುವುದಲ್ಲ. ತೋಟದ ಬೆಳೆ ಇಟ್ಟ ಒತ್ತುವರಿ ಸರ್ಕಾರಿ ಜಮೀನನ್ನು 25 ಎಕರೆಯವರೆಗೆ 30 ವರ್ಷಗಳ ಗುತ್ತಿಗೆಗೆ ಕೊಡಲು ಇದೇ ಕಾಯ್ದೆಗೆ ತಿದ್ದುಪಡಿ ತರಲಾಗಿದೆ. ಹೀಗಿರುವಾಗ ಇಪ್ಪತ್ತು ಎಕರೆ ಸೇರಿಸಿಕೊಂಡವರು ಗುತ್ತಿಗೆದಾರರಾಗುತ್ತಾರೆ, ಒಂದೂವರೆ ಎಕರೆಯವನು ಒತ್ತುವರಿದಾರ ಎಂದು ನೋಟಿಸು ಪಡೆಯುತ್ತಾನೆ ಎಂದರೆ ಅದು ಸಮಾನತೆಯ ಪ್ರಶ್ನೆ, ಸಂವಿಧಾನದ 14ನೇ ವಿಧಿಯ ಪ್ರಶ್ನೆ. ಒತ್ತುವರಿಯನ್ನು ತೆರವು ಮಾಡುವುದೇ ಸರ್ಕಾರದ ನೀತಿಯಾದರೆ ದೊಡ್ಡದರಿಂದ ಆರಂಭವಾಗಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿಮ್ಮ ಮಟ್ಟಿಗೆ ಹೇಳುವುದಾದರೆ, ಅರ್ಜಿಯ ಸ್ವೀಕೃತಿ ಪತ್ರವನ್ನು ಜೋಪಾನವಾಗಿಡಿ. ನಮೂನೆ 50, 53, 57 ಇವುಗಳಲ್ಲಿ ನಿಮ್ಮದು ಯಾವುದು, ಸಕ್ರಮ ಸಮಿತಿಯ ಮುಂದೆ ಬಂದಿದೆಯೇ, ಯಾವ ಹಂತದಲ್ಲಿದೆ ಎಂದು ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಿ, 30 ದಿನಗಳಲ್ಲಿ ಉತ್ತರ ಬರಬೇಕು. ತೆರವಿನ ನೋಟಿಸಿಗೆ ಲಿಖಿತ ಉತ್ತರ ಕೊಟ್ಟು, ಅರ್ಜಿ ಬಾಕಿ ಇರುವುದನ್ನು ಅದರಲ್ಲಿ ದಾಖಲಿಸಿ. ಅರ್ಜಿಯನ್ನು ಮೊದಲು ತೀರ್ಮಾನಿಸಿ ಆಮೇಲೆ ತೆರವಿನ ಮಾತಾಡುವಂತೆ ನಿರ್ದೇಶನ ಕೋರಿ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಹಾಕುವ ದಾರಿಯೂ ಇದೆ. ಗುತ್ತಿಗೆಯ ವಿರುದ್ಧ ಕೊಟ್ಟ ಆಕ್ಷೇಪಣೆಯನ್ನು ಹಿಂದೆಗೆದುಕೊಂಡರೆ ಒತ್ತುವರಿ ದೂರನ್ನು ಕೈಬಿಡುತ್ತೇವೆ ಎಂಬ ಮಾತು ನಿಮಗೆ ಬರಬಹುದು. ನೀರಿನ ತೋಡು ಊರಿನದು. ಅದನ್ನು ಬಿಟ್ಟುಕೊಡುವ ಅಧಿಕಾರ ನಿಮಗೊಬ್ಬರಿಗೆ ಇಲ್ಲ, ಹಾಗಾಗಿ ಆಕ್ಷೇಪಣೆಯನ್ನು ಈಗಲೇ ಗ್ರಾಮಸ್ಥರ ಸಾಮೂಹಿಕ ಸಹಿಯಲ್ಲಿ ಮತ್ತೊಮ್ಮೆ ಸಲ್ಲಿಸಿ, ಸರ್ವೆ ಇಲಾಖೆಯಿಂದ ತೋಡನ್ನು ಗುರುತಿಸಲು ಕೋರಿ.

ಪ್ರಶ್ನೆ: ನಾನು ಯರವ ಸಮುದಾಯದವನು. ತೋಟದ ಲೈನ್ ಮನೆಯಲ್ಲಿ (ಕಾರ್ಮಿಕರ ಸಾಲುಮನೆಯಲ್ಲಿ) ಇದ್ದೇವೆ. ನಿವೇಶನ ಬೇಕೆಂದು ಹಾಡಿಯವರನ್ನೂ (ಆದಿವಾಸಿ ವಸತಿಯವರನ್ನೂ) ಲೈನ್ ಮನೆಯವರನ್ನೂ ಸೇರಿಸಿ ತಾಲ್ಲೂಕು ಕಚೇರಿಗೆ ಹೋದದ್ದಕ್ಕೆ, ಮೆಣಸು ಕದ್ದೆ ಎಂದು ನನ್ನ ಮೇಲೆ ದೂರು ಕೊಟ್ಟಿದ್ದಾರೆ. ಮುಂಗಡ ತೀರಿಸಿ ಮನೆ ಬಿಡು ಎನ್ನುತ್ತಿದ್ದಾರೆ. (ಪರಿಚಿತರೊಬ್ಬರು ಇವರ ಪರವಾಗಿ ಬರೆದ ಪತ್ರ)
– ವಿರಾಜಪೇಟೆ ತಾಲ್ಲೂಕು

ಉತ್ತರ: ಈ ಪತ್ರಗಳಲ್ಲೆಲ್ಲ ನನ್ನನ್ನು ಹೆಚ್ಚು ಕಲಕಿದ್ದು ಇದು. ಉಳಿದ ಓದುಗರಿಗೆ ಕೇಸು ಬಿದ್ದರೂ ಮಲಗಲು ಸ್ವಂತ ಮನೆಯಿದೆ. ಇವರಿಗೆ ದೂರು ಕೊಟ್ಟವರೇ ಮನೆಯ ಮಾಲೀಕರು, ಕೂಲಿ ಕೊಡುವವರೂ ಅವರೇ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ನಾಡಿನ ಗಮನ ಆ ಕಡೆ ಹರಿಯಿತು, ಮುಂದೆ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಆಯಿತು. ಆ ಕುಟುಂಬಗಳಲ್ಲಿ ಅನೇಕರು ಲೈನ್ ಮನೆಗಳನ್ನು ಬಿಟ್ಟು ಸ್ವಂತ ನೆಲ ಹುಡುಕಿ ಬಂದವರಾಗಿದ್ದರು.

ಕಾನೂನು ಇವರ ಪರವಾಗಿ ಸ್ಪಷ್ಟವಾಗಿ ಮಾತನಾಡುತ್ತದೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 3(1)(ಪಿ) ಕಲಮಿನ ಪ್ರಕಾರ, ಪರಿಶಿಷ್ಟರಲ್ಲದವರು ಪರಿಶಿಷ್ಟ ಜಾತಿ ಅಥವಾ ಪಂಗಡದ ವ್ಯಕ್ತಿಯ ಮೇಲೆ ಸುಳ್ಳಾದ, ದುರುದ್ದೇಶದ ಅಥವಾ ಕಿರುಕುಳ ಕೊಡುವ ದಾವಾ, ಕ್ರಿಮಿನಲ್ ಪ್ರಕರಣ ಇಲ್ಲವೇ ಇತರ ಕಾನೂನು ಕ್ರಮ ಹೂಡುವುದೇ ಒಂದು ಅಪರಾಧ. ಆರು ತಿಂಗಳಿನಿಂದ ಐದು ವರ್ಷಗಳವರೆಗೆ ಶಿಕ್ಷೆಯಿದೆ. ಮೊಕದ್ದಮೆಯ ಮೂಲಕ ಕೊಡುವ ಕಿರುಕುಳವನ್ನು ಇಷ್ಟು ನೇರವಾಗಿ ಅಪರಾಧವೆಂದು ಹೆಸರಿಸಿದ ಇನ್ನೊಂದು ಕಲಮು ನಮ್ಮಲ್ಲಿ ಕಾಣುವುದು ಕಷ್ಟ. ಸುಳ್ಳು ಎಂಬುದಕ್ಕೆ ಆಧಾರ ಇರಲೇಬೇಕು: ಕಳ್ಳತನವಾಯಿತೆಂದ ದಿನ ಇವರು ಎಲ್ಲಿದ್ದರು, ಕೂಲಿ ಪಟ್ಟಿಯಲ್ಲಿ ಹಾಜರಿ ಎಲ್ಲಿದೆ, ತಾಲ್ಲೂಕು ಕಚೇರಿಯಲ್ಲಿ ಮನವಿ ಸ್ವೀಕರಿಸಿದ ಮುದ್ರೆಯಿದೆಯೇ ಎಂಬುದನ್ನು ಮೊದಲು ಹೊಂದಿಸಿಕೊಂಡು ದೂರು ಕೊಡಿ. ಈ ಕಾಯ್ದೆಯ ತನಿಖೆಯನ್ನು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಮಾಡಬೇಕು.

ಮುಂಗಡದ ವಿಷಯ ಇನ್ನೂ ಗಂಭೀರ. ಮುಂಗಡ ತೀರುವವರೆಗೆ ಇಲ್ಲೇ ದುಡಿಯಬೇಕು, ಬೇರೆಡೆ ಹೋಗಕೂಡದು ಎಂಬ ಕಟ್ಟು ಇದ್ದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಆ ಸಾಲವೇ ಕಾನೂನಿನಲ್ಲಿ ರದ್ದಾಗುತ್ತದೆ, ಬಿಡುಗಡೆಯಾದವರನ್ನು ಮನೆಯಿಂದ ಹೊರಹಾಕುವಂತೆಯೂ ಇಲ್ಲ. ಜಿಲ್ಲಾಧಿಕಾರಿಗೆ ಮತ್ತು ಉಪವಿಭಾಗಾಧಿಕಾರಿಗೆ ಲಿಖಿತ ದೂರು ಕೊಡಿ. ತೋಟದ ಕಾರ್ಮಿಕರಿಗೆ ವಸತಿ ಕೊಡುವುದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಮಾಲೀಕರ ಹೊಣೆಯಾಗಿದೆ. ವಕೀಲರಿಗೆ ಹಣವಿಲ್ಲವೆಂದು ಪತ್ರದಲ್ಲಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಮಹಿಳೆಯರಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ. ಮಡಿಕೇರಿಯ ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಸಾದಾ ಅರ್ಜಿ ಸಾಕು, 15100 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು. ಪತ್ರ ಬರೆದ ಪರಿಚಿತರಲ್ಲಿ ನನ್ನದೊಂದು ಕೋರಿಕೆ: ಅರ್ಜಿ ಕೊಡಲು ಇವರನ್ನು ಒಬ್ಬರನ್ನೇ ಕಳಿಸಬೇಡಿ, ಜೊತೆಯಲ್ಲಿ ಹೋಗಿ.

ಪ್ರಶ್ನೆ: ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಂಪನಿಯವರು ಭೂಗಳ್ಳರು ಎಂದು ಬರೆದದ್ದಕ್ಕೆ ಮಾನನಷ್ಟದ ನೋಟಿಸು ಬಂದಿದೆ, 50 ಲಕ್ಷ ರೂಪಾಯಿ ಕೇಳಿದ್ದಾರೆ.
– ಮಡಿಕೇರಿ

ಉತ್ತರ: ವಕೀಲರ ನೋಟಿಸಿನಲ್ಲಿರುವ ಮೊತ್ತ ಕೇಳಿದ ಮೊತ್ತವೇ ಹೊರತು ಕೊಡಬೇಕಾದ ಮೊತ್ತವಲ್ಲ. ಗಡುವಿನೊಳಗೆ ಉತ್ತರ ಕೊಡಿ. ಖಾಸಗಿ ಕ್ರಿಮಿನಲ್ ದೂರು ಹಾಕಿದರೆ, ಸುರಕ್ಷಾ ಸಂಹಿತೆಯ 223ನೇ ಕಲಮಿನಂತೆ ಮ್ಯಾಜಿಸ್ಟ್ರೇಟರು ಅಪರಾಧವನ್ನು ಪರಿಗಣಿಸುವ ಮೊದಲೇ ನಿಮ್ಮ ಮಾತು ಕೇಳಬೇಕು. ಸಾರ್ವಜನಿಕ ಹಿತದ ವಿಷಯಗಳಲ್ಲಿ ಮಾತನಾಡುವವರ ಬಾಯಿ ಮುಚ್ಚಿಸಲು ಹಣಬಲವುಳ್ಳವರು ದಾವೆ ಹೂಡುವ ಬಗ್ಗೆ ಸುಪ್ರೀಂ ಕೋರ್ಟು 2024ರ ಮಾರ್ಚಿನಲ್ಲಿ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಎಚ್ಚರಿಸಿದೆ. ಮುಂದೆ ಬರೆಯುವಾಗ ವಿಶೇಷಣಗಳನ್ನು ಬಿಟ್ಟು ಸರ್ವೆ ನಂಬರು, ವಿಸ್ತೀರ್ಣ, ದಾಖಲೆ ಇವನ್ನಷ್ಟೇ ಬರೆಯಿರಿ. ನಿಜವಾದ ಸಂಗತಿಗೆ ಬೈಗುಳದ ಆಸರೆ ಬೇಡ.

ಪ್ರಶ್ನೆ: ಕೃಷಿ ಕಂಪನಿಗಳು ರೈತರ ಮೇಲೆ ಕೋಟಿಗಟ್ಟಲೆ ರೂಪಾಯಿಯ ದಾವೆ ಹೂಡಿದ್ದು ಬೇರೆಡೆಯೂ ಇದೆಯೇ? ಇದನ್ನು ತಡೆಯುವ ಕಾನೂನು ಎಲ್ಲಾದರೂ ಇದೆಯೇ?
– ಕುಶಾಲನಗರದ ಕಾನೂನು ವಿದ್ಯಾರ್ಥಿನಿ

ಉತ್ತರ: ಜಮೀನಿನದಲ್ಲದಿದ್ದರೂ ನಮ್ಮ ದೇಶದಲ್ಲಿ ಎಲ್ಲರೂ ತಿಳಿಯಬೇಕಾದ ಪ್ರಕರಣ ಗುಜರಾತಿನದು. 2019ರ ಏಪ್ರಿಲಿನಲ್ಲಿ ಪೆಪ್ಸಿಕೊ ಕಂಪನಿಯು ತಾನು ನೋಂದಾಯಿಸಿದ ಆಲೂಗಡ್ಡೆ ತಳಿಯನ್ನು ಬೆಳೆದರೆಂದು ಸಾಬರಕಾಂಠಾ ಜಿಲ್ಲೆಯ ನಾಲ್ವರು ರೈತರ ಮೇಲೆ ತಲಾ 1.05 ಕೋಟಿ ರೂಪಾಯಿಯ ದಾವೆ ಹೂಡಿತು. ನಮ್ಮಿಂದಲೇ ಬೀಜ ಕೊಂಡು ನಮಗೇ ಮಾರಿ, ಇಲ್ಲವೇ ಇನ್ನು ಬೆಳೆಯುವುದಿಲ್ಲ ಎಂದು ಬರೆದುಕೊಡಿ ಎಂಬ ರಾಜಿಯ ಮಾತು ಅದರ ಜೊತೆಗೆ ಬಂದಿತ್ತು. ದಾವೆಯ ಮೊತ್ತ ಏತಕ್ಕಾಗಿ ಅಷ್ಟು ದೊಡ್ಡದಿತ್ತು ಎಂಬುದು ಈ ರಾಜಿಯ ಷರತ್ತಿನಲ್ಲೇ ಕಾಣುತ್ತದೆ. ಆದರೆ 2001ರ ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮು, ಬ್ರ್ಯಾಂಡ್ ಹೆಸರಿನಲ್ಲಿ ಬೀಜ ಮಾರುವುದೊಂದನ್ನು ಬಿಟ್ಟು, ಸಂರಕ್ಷಿತ ತಳಿಯನ್ನೂ ಉಳಿಸಿ, ಬಿತ್ತಿ, ಹಂಚಿ, ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ದೇಶದಾದ್ಯಂತ ವಿರೋಧ ಬಂದ ಮೇಲೆ ಮೇ ತಿಂಗಳಲ್ಲಿ ಕಂಪನಿ ದಾವೆಗಳನ್ನು ಹಿಂದೆಗೆದುಕೊಂಡಿತು. ರೈತಪರ ಹೋರಾಟಗಾರ್ತಿ ಕವಿತಾ ಕುರುಗಂಟಿ ಅವರ ಅರ್ಜಿಯ ಮೇಲೆ 2021ರ ಡಿಸೆಂಬರಿನಲ್ಲಿ ಸಸ್ಯತಳಿಗಳ ಪ್ರಾಧಿಕಾರವು ತಳಿಯ ನೋಂದಣಿಯನ್ನೇ ರದ್ದುಪಡಿಸಿತು. ಆ ರದ್ದತಿಯನ್ನು 2024ರ ಜನವರಿಯಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠ ತಳ್ಳಿಹಾಕಿತು ಎಂಬುದನ್ನೂ ಹೇಳಲೇಬೇಕು. ನೋಂದಣಿ ಕಂಪನಿಗೆ ಮರಳಿ ಸಿಕ್ಕಿದರೂ 39ನೇ ಕಲಮು ಕೊಟ್ಟ ಹಕ್ಕು ರೈತರಿಂದ ಹೋಗಿಲ್ಲ.

ಜಮೀನಿನ ಹೋರಾಟಗಳಲ್ಲಿ ಥಾಯ್ಲೆಂಡಿನ ಸೂರತ್ ಥಾನಿ ಪ್ರಾಂತ್ಯದ ಅನುಭವ ಭಯಾನಕವಾದುದು. ತಾಳೆಎಣ್ಣೆ ತೋಟದ ಕಂಪನಿಯೊಂದಿಗಿನ ಭೂವಿವಾದದಲ್ಲಿದ್ದ ಸಮುದಾಯದ ಇಬ್ಬರು ಮಹಿಳೆಯರು 2012ರಲ್ಲಿ, ಚಾಯ್ ಬುಂಥೊಂಗ್ಲೆಕ್ ಎಂಬ ಮುಖಂಡರು 2015ರಲ್ಲಿ ಗುಂಡಿಗೆ ಬಲಿಯಾದರು. ದುರುದ್ದೇಶದ ಖಾಸಗಿ ದೂರನ್ನು ಆರಂಭದಲ್ಲೇ ವಜಾ ಮಾಡಲು ನ್ಯಾಯಾಲಯಕ್ಕೆ ಅಧಿಕಾರ ಕೊಡುವ 161/1 ಎಂಬ ಕಲಮನ್ನು ಅದೇ ದೇಶ ಆಮೇಲೆ ತನ್ನ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಗೆ ಸೇರಿಸಿತು. ಫಿಲಿಪ್ಪೀನ್ಸ್ 2010ರಲ್ಲಿ ಪರಿಸರ ಪ್ರಕರಣಗಳ ನಿಯಮಗಳಲ್ಲಿ, ಯುರೋಪಿಯನ್ ಒಕ್ಕೂಟ 2024ರ ನಿರ್ದೇಶನದಲ್ಲಿ ಇಂತಹ ದಾವೆಗಳ ವಿರುದ್ಧ ರಕ್ಷಣೆ ಕೊಟ್ಟಿವೆ. ವಿಶ್ವಸಂಸ್ಥೆ 2018ರ ಡಿಸೆಂಬರ್ 17ರಂದು ಒಪ್ಪಿದ ರೈತರ ಹಕ್ಕುಗಳ ಘೋಷಣೆ ಜಮೀನಿನ ಹಕ್ಕನ್ನೂ ಸಂಘಟಿತರಾಗುವ ಹಕ್ಕನ್ನೂ ಮಾನ್ಯ ಮಾಡಿದೆ. ಭಾರತದಲ್ಲಿ ಇಂತಹ ಪ್ರತ್ಯೇಕ ಕಾನೂನು ಇಲ್ಲ. ಸುಳ್ಳು ದಾವೆ ಹೂಡಿದವರಿಂದ ಸಿವಿಲ್ ಸಂಹಿತೆಯ 35ಎ ಕಲಮಿನಲ್ಲಿ ಕೊಡಿಸಬಹುದಾದ ಪರಿಹಾರದ ಮಿತಿ ಇಂದಿಗೂ 3,000 ರೂಪಾಯಿ. ಕೋಟಿ ರೂಪಾಯಿಯ ದಾವೆ ಹೂಡಬಲ್ಲವರನ್ನು ಈ ಮೊತ್ತ ತಡೆಯಲಾರದು. ಅದನ್ನು ಬದಲಿಸಬೇಕೆಂದು ಕೇಳುವ ಕೆಲಸವನ್ನು ನಿಮ್ಮಂತಹ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕು.

ಪ್ರಶ್ನೆ: ರೈತರ ಮೇಲಿನ ಕೇಸುಗಳನ್ನು ಸರ್ಕಾರ ವಾಪಸು ಪಡೆಯುತ್ತದೆ ಎಂದು ಮುಖಂಡರು ಭರವಸೆ ಕೊಡುತ್ತಿದ್ದಾರೆ. ಅದನ್ನು ನಂಬಿ ಕಾಯಬಹುದೇ? ಖುಲಾಸೆಯಾದರೆ ನಮಗಾದ ನಷ್ಟಕ್ಕೆ ಪರಿಹಾರವಿದೆಯೇ?
– ಸೋಮವಾರಪೇಟೆ

ಉತ್ತರ: ಮನವಿ ಕೊಡಿ, ಆದರೆ ಅದನ್ನೇ ನಂಬಿ ವಾಯಿದೆ ತಪ್ಪಿಸಬೇಡಿ. ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಪ್ರಕರಣ ಮುಗಿಯುವುದಿಲ್ಲ. ಸುರಕ್ಷಾ ಸಂಹಿತೆಯ 360ನೇ ಕಲಮಿನಂತೆ ಸರ್ಕಾರಿ ಅಭಿಯೋಜಕರು ಸ್ವಂತ ವಿವೇಚನೆಯಿಂದ ಅರ್ಜಿ ಹಾಕಬೇಕು, ನ್ಯಾಯಾಲಯ ಒಪ್ಪಬೇಕು, ದೂರುದಾರರ ಮಾತನ್ನೂ ಕೇಳಬೇಕು. ಅಂದರೆ ಕಂಪನಿಗೆ ಅಲ್ಲಿಯೂ ಆಕ್ಷೇಪಿಸಲು ಅವಕಾಶವಿದೆ. 2025ರ ಮೇ ತಿಂಗಳಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು 43 ಪ್ರಕರಣಗಳನ್ನು ಹಿಂದೆಗೆದುಕೊಳ್ಳುವ ಸರ್ಕಾರಿ ಆದೇಶವನ್ನು ರದ್ದುಪಡಿಸಿತು. ಬರೀ ಆದೇಶದ ಬಲದಿಂದ ಮೊಕದ್ದಮೆ ಬಿದ್ದುಹೋಗುವುದಿಲ್ಲ ಎಂಬುದು ಎಲ್ಲರಿಗೂ ಅನ್ವಯಿಸುತ್ತದೆ.

ಖುಲಾಸೆಯಾದ ಮೇಲೆ ದುರುದ್ದೇಶದ ಅಭಿಯೋಜನೆಗಾಗಿ ನಷ್ಟಪರಿಹಾರದ ದಾವಾ ಹೂಡಬಹುದು. ದೂರು ಸುಳ್ಳಾಗಿತ್ತು ಎಂಬುದರ ಜೊತೆಗೆ ಅದಕ್ಕೆ ಸಮಂಜಸ ಕಾರಣವಿರಲಿಲ್ಲ, ದ್ವೇಷವಿತ್ತು ಎಂಬುದನ್ನೂ ಸಾಬೀತು ಮಾಡಬೇಕಾಗುತ್ತದೆ, ಹಾಗಾಗಿ ಇದು ಸುಲಭದ ದಾವೆಯಲ್ಲ. ಕಾಲಮಿತಿ ಕಾಯ್ದೆಯ 74ನೇ ಅನುಚ್ಛೇದದಂತೆ ಖುಲಾಸೆಯಾದ ದಿನದಿಂದ ಒಂದೇ ವರ್ಷದ ಅವಧಿಯಿದೆ. ಎಷ್ಟೋ ಮಂದಿ ಬಿಡುಗಡೆಯಾದ ನೆಮ್ಮದಿಯಲ್ಲಿ ಆ ವರ್ಷವನ್ನು ಕಳೆದುಬಿಡುತ್ತಾರೆ. ತೀರ್ಪು ಬಂದ ದಿನವೇ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ವಕೀಲರಿಗೆ ಕೊಟ್ಟ ಹಣದ ರಸೀದಿ, ಬಸ್ ಟಿಕೆಟು, ಕೆಲಸ ತಪ್ಪಿದ ದಿನಗಳ ಲೆಕ್ಕವನ್ನು ಪ್ರಕರಣ ನಡೆಯುತ್ತಿರುವಾಗಲೇ ಬರೆದಿಡುತ್ತ ಬನ್ನಿ.